ಕೊಂಡ ದರ ಒಂದು, ಸಾಕುವ ದರ ಇನ್ನೊಂದು

ಯಲವಿಗಿ

ಚಿರಂಜೀವಿ ತಮ್ಮಾ,

ನೀನು ಕಳಿಸಿದ ಫೋಟೊ ನೋಡಿದೆ. ಕಿತ್ತಳೆ ಬಣ್ಣದ ಲ್ಯಾಂಬೊರ್ಗಿನಿ ಗಲಾರ್ಡೊ, 2011ರ ಮಾಡೆಲ್, ಎರಡು ಕೈ ದಾಟಿದ್ದು. 'ಕಾಕಾ, ರೇಟ್ ಬಾಳ ಇಳದೈತಿ, ತಗೊಳ್ಳಲೇನು?' ಅಂತ ಕೇಳಿದ್ದಿ. ಸವಣೂರು, ಶಿಗ್ಗಾವಿ, ಹಾನಗಲ್ಲ ಕಡೆಯಿಂದ ಬೆಂಗಳೂರಿಗೆ ಹೋಗಿ ನಾಲ್ಕು ಕಾಸು ಕೂಡಿಸಿದ ಹುಡುಗರು ಇದೇ ಮಾತನ್ನು ಬೇರೆ ಬೇರೆ ಗಾಡಿಯ ಹೆಸರು ಹಿಡಿದು ಕೇಳುತ್ತಿರುತ್ತಾರೆ. ಅದಕ್ಕೇ ನಿನಗೆ ಬರೆಯುವ ಈ ಕಾಗದವನ್ನು ಎಲ್ಲರೂ ಓದಲಿ ಅಂತ ಬಿಚ್ಚಿಟ್ಟು ಬರೆಯುತ್ತಿದ್ದೇನೆ.

ಬೇಡ ಅನ್ನುವುದಕ್ಕೆ ಈ ಕಾಗದ ಅಲ್ಲ. ನಮ್ಮ ಸೀಮೆಯವರು ಆಸೆಗೆ ಬೆಲೆ ಕೊಡುವವರು. ದೀಪಾವಳಿ ಆದಮೇಲೆ ಕೊರಳಿಗೆ ಕೊಬ್ಬರಿ ಹಾರ, ಕೋಡಿಗೆ ಬಲೂನು ಕಟ್ಟಿ ಓಡಿಸುವ ಹೋರಿಯನ್ನು ಯಾರೂ ನೇಗಿಲಿಗೆ ಹೂಡಲು ಸಾಕುವುದಿಲ್ಲ. ಅದು ಮನೆತನದ ಹೆಸರು, ಓಣಿಯ ಹುಡುಗರ ಎದೆಯ ಉಬ್ಬು. ಓಡುವುದು ವರ್ಷದಲ್ಲಿ ಕೆಲವೇ ಗಳಿಗೆ. ಉಳಿದ ದಿನವೆಲ್ಲ ಹುರುಳಿ, ಹತ್ತಿಕಾಳು, ಹಿಂಡಿ, ಮೈ ತಿಕ್ಕುವುದು, ನಡೆಸಾಡಿಸುವುದು. ಹೋರಿ ಸಾಕಿದ ಮನೆಯವರನ್ನು ಕೇಳು. ಎಷ್ಟಕ್ಕೆ ತಂದಿರಿ ಅಂದರೆ ಒಂದು ಮಾತಿನಲ್ಲಿ ಹೇಳುತ್ತಾರೆ. ಸಾಕುವುದಕ್ಕೆ ಎಷ್ಟು ಬೀಳುತ್ತದೆ ಅಂದರೆ ಕೂತು ಹೇಳುತ್ತಾರೆ. ನಿನ್ನ ಗಾಡಿಯ ಬಗ್ಗೆ ಆ ಎರಡನೆಯ ಲೆಕ್ಕವನ್ನು ಮಾರುವವನು ಹೇಳುವುದಿಲ್ಲ.

ಹಳೆಯ ಗಾಡಿಯ ದರ ವರ್ಷ ವರ್ಷ ಇಳಿಯುತ್ತದೆ. ಅದರ ಸಾಮಾನಿನ ದರ ಇಳಿಯುವುದಿಲ್ಲ. ನೀನು ಅರ್ಧಕ್ಕೆ ತಂದೆ ಅಂತ ಕ್ಲಚ್ ಯಾರೂ ಅರ್ಧಕ್ಕೆ ಕೊಡುವುದಿಲ್ಲ. ಕೋಟಿಗಟ್ಟಲೆ ಬೆಲೆಯ ಹೊಸ ಗಾಡಿಗೆಂದು ಮಾಡಿದ ಬ್ರೇಕು, ಗೇರ್‌ಬಾಕ್ಸು, ಲೈಟು ಇವತ್ತಿಗೂ ಕೋಟಿಯ ಗಾಡಿಯ ಸಾಮಾನೇ. ಮೇಲೆ ಕಸ್ಟಮ್ಸ್ ಸುಂಕ, ಹಡಗಿನ ಬಾಡಿಗೆ, ತಿಂಗಳುಗಟ್ಟಲೆ ಕಾಯುವುದು. ಗಲಾರ್ಡೊ 2003ರಿಂದ 2013ರ ತನಕ ತಯಾರಾಯಿತು, ಇಡೀ ಜಗತ್ತಿಗೆ 14,022 ಗಾಡಿ. ಅಷ್ಟಕ್ಕೆ ಸಾಮಾನು ಮಾಡುವವರು ಎಷ್ಟು ಮಂದಿ, ಗುಜರಿಯಲ್ಲಿ ಸಿಗುವುದು ಎಷ್ಟು, ನೀನೇ ಯೋಚಿಸು. ಒಂದು ಸಮಾಧಾನ ಇದೆ: ಅದರ 5.2 ಲೀಟರಿನ ಹತ್ತು ಸಿಲಿಂಡರ್ ಎಂಜಿನ್ನಿಗೂ ಆಡಿ ಆರ್8ನ ಎಂಜಿನ್ನಿಗೂ ರಕ್ತಸಂಬಂಧ. ಎರಡೂ ಫೋಕ್ಸ್‌ವ್ಯಾಗನ್ ಬಳಗದ ಗಾಡಿ. ಕೆಲವು ಬಿಡಿಭಾಗ ಆಡಿಯ ನಂಬರಿನಲ್ಲಿ ಕಡಿಮೆಗೆ ಸಿಗಬಹುದು. ಅದನ್ನು ಬಲ್ಲ ಮೇಸ್ತ್ರಿ ಸಿಕ್ಕರೆ ಅವನ ಕೈ ಬಿಡಬೇಡ.

ಹೆದ್ದಾರಿ ಬದಿಯ ಗ್ಯಾರೇಜಿನಲ್ಲಿ ನಾನು ಮೂವತ್ತು ವರ್ಷ ಕೈ ಕಪ್ಪು ಮಾಡಿಕೊಂಡವನು. ಒಂದು ಗಾಡಿಯ ಸಂಗತಿ ಹೇಳಬೇಕು. ನಮ್ಮ ಕಡೆಯ ಗುತ್ತಿಗೆದಾರರೊಬ್ಬರು ದಿಲ್ಲಿಯಿಂದ ದೊಡ್ಡ ಜರ್ಮನ್ ಕಾರು ತಂದರು. 2015ರಲ್ಲಿ ಹಸಿರು ನ್ಯಾಯಮಂಡಳಿ ಹತ್ತು ವರ್ಷ ದಾಟಿದ ಡೀಸೆಲ್ ಗಾಡಿ ದಿಲ್ಲಿ ಸುತ್ತಮುತ್ತ ಓಡಬಾರದು ಅಂದಿತು, 2018ರಲ್ಲಿ ಸುಪ್ರೀಂ ಕೋರ್ಟೂ ಅದನ್ನೇ ಎತ್ತಿಹಿಡಿಯಿತು. ಅಲ್ಲಿಂದ ಅಂಥ ಗಾಡಿಗಳು ಸಸ್ತಾ ದರಕ್ಕೆ ಬೇರೆ ರಾಜ್ಯಗಳಿಗೆ ಹರಿದು ಬಂದವು. ಇವರು ತಂದ ಕಾರಿಗೆ ಸ್ಪ್ರಿಂಗ್ ಬದಲು ಗಾಳಿಯ ಚೀಲ. ಒಂದು ಚೀಲದ ರಬ್ಬರು ಕೂದಲೆಳೆಯಷ್ಟು ಬಿರಿದಿತ್ತು. ಸೋರಿದ ಗಾಳಿ ತುಂಬಲು ಕಂಪ್ರೆಸರ್ ಹಗಲಿರುಳು ಓಡಿತು, ಓಡಿ ಓಡಿ ಸುಟ್ಟಿತು. ಒಂದು ಬೆಳಿಗ್ಗೆ ಬಂದು ನೋಡಿದರೆ ಕಾರು ಹೊಟ್ಟೆ ನೆಲಕ್ಕೆ ಹಚ್ಚಿ ಕುಂತಿತ್ತು, ಮುದಿ ಎಮ್ಮೆ ಕುಂತ ಹಾಗೆ. ಸಾಮಾನಿನ ದರ ಕೇಳಿದ ಮೇಲೆ ಅವರು ಮಾತಾಡಲಿಲ್ಲ. ಇಡೀ ಮಳೆಗಾಲ ಆ ಕಾರು ನನ್ನ ಬೇವಿನ ಗಿಡದ ಕೆಳಗೆ ನಿಂತಿತು. ಇಲಿ ಹೊಕ್ಕು ವೈರ್ ಕಡಿದವು. ಪ್ರತಿ ಭಾನುವಾರ ಅವರು ಬಂದು, ಬಾನೆಟ್ ಮೇಲಿನ ಬೇವಿನ ಹಣ್ಣು ಗೋರಿ, ಪಂಜೆಯ ತುದಿಯಿಂದ ಗಾಜು ಒರೆಸಿ, ಒಳಗೆ ಒಂದರ್ಧ ತಾಸು ಕುಂತು ಹೋಗುತ್ತಿದ್ದರು. ಆ ಮುಖ ನನಗೆ ಇವತ್ತಿಗೂ ಮರೆತಿಲ್ಲ. ನಿನ್ನ ಮುಖ ಹಾಗೆ ಆಗಬಾರದು ಅಂತಲೇ ಇಷ್ಟು ಬರೆಯುತ್ತಿರುವುದು.

ಈಗ ವಾರಂಟಿ ವಿಷಯ. ಮಾರುವವನು 'ವಾರಂಟಿ ಐತ್ರಿ' ಅಂದಾಗ ಮೂರು ಬೇರೆ ಬೇರೆ ಸಂಗತಿ ಒಂದೇ ಶಬ್ದದಲ್ಲಿ ಅಡಗಿರುತ್ತವೆ. ಕಂಪನಿಯ ವಾರಂಟಿ ಒಂದು. ಸಾಮಾನ್ಯವಾಗಿ ಮೂರು ವರ್ಷ, ಗಲಾರ್ಡೊಗೆ ಅದು ಎಂದೋ ಮುಗಿದಿದೆ. ದುಡ್ಡು ಕಟ್ಟಿ ಮುಂದುವರಿಸಿದ ವಾರಂಟಿ ಇನ್ನೊಂದು. ಅದು ಎರಡನೆಯ ಮಾಲೀಕನ ಹೆಸರಿಗೆ ಬರುತ್ತದೋ ಇಲ್ಲವೋ, ಬರುವುದಾದರೆ ಎಷ್ಟು ದಿನದೊಳಗೆ ಬರೆಸಬೇಕು, ಅಧಿಕೃತ ಸರ್ವಿಸ್ ಒಂದು ವರ್ಷ ತಪ್ಪಿದ್ದರೆ ಏನು, ಎಂಜಿನ್ನಿನ ಕಂಪ್ಯೂಟರನ್ನು ಯಾರಾದರೂ ಟ್ಯೂನ್ ಮಾಡಿಸಿದ್ದರೆ ಏನು, ಎಲ್ಲವೂ ಸಣ್ಣ ಅಕ್ಷರದಲ್ಲಿ ಇರುತ್ತದೆ. ಮೂರನೆಯದು ಹಳೆ ಗಾಡಿ ಅಂಗಡಿಯವರೇ ಕೊಡುವ ಕಾಗದ. ಅದರಲ್ಲಿ ಎಂಜಿನ್, ಗೇರ್‌ಬಾಕ್ಸ್ ಅಂತ ದಪ್ಪಕ್ಷರ ಇದ್ದು, ಒಂದು ರಿಪೇರಿಗೆ ಗರಿಷ್ಠ ಇಷ್ಟು ಅಂತ ಕೊನೆಯ ಹಾಳೆಯಲ್ಲಿ ಇರುತ್ತದೆ. ಆ ಗರಿಷ್ಠ ಮೊತ್ತ ಒಂದು ಕ್ಲಚ್ಚಿಗೆ ಸಾಲುತ್ತದೆಯೇ ನೋಡು. ಕ್ಲಚ್, ಬ್ರೇಕ್, ಟೈರ್ ಸವೆಯುವ ಸಾಮಾನು, ಅವು ಯಾವ ವಾರಂಟಿಯಲ್ಲೂ ಸಾಮಾನ್ಯವಾಗಿ ಇರುವುದಿಲ್ಲ. ಇಂಥ ಗಾಡಿಯ ಖರ್ಚಿನ ಹೊರೆಯೂ ಅಲ್ಲೇ.

ಇನ್ನೊಂದು ಗೊಂದಲ. ಫೆರಾರಿಯವರ ಏಳು ವರ್ಷದ ನಿರ್ವಹಣೆ ಯೋಜನೆಯ ಹೆಸರು ಕೇಳಿರುತ್ತೀ. ಅದು ಗಾಡಿಯ ಜೊತೆಗೇ ಮುಂದಿನ ಮಾಲೀಕನಿಗೆ ಬರುತ್ತದೆ, ಒಳ್ಳೆಯದೇ. ಆದರೆ ಅದು ನಿಗದಿತ ಸರ್ವಿಸ್ ಮಾತ್ರ: ಆಯಿಲ್, ಫಿಲ್ಟರ್, ತಪಾಸಣೆ. ಮುರಿದದ್ದನ್ನು ಕಟ್ಟಿಕೊಡುವುದು ವಾರಂಟಿ, ಮುರಿಯದಂತೆ ನೋಡಿಕೊಳ್ಳುವುದು ನಿರ್ವಹಣೆ. ಎರಡನ್ನೂ ಒಂದೇ ಅಂತ ತಿಳಿದವರು ಗೇರ್‌ಬಾಕ್ಸ್ ಕೆಟ್ಟ ದಿನ ಅಳುತ್ತಾರೆ.

ಅಡ್ವಾನ್ಸ್ ಕೊಡುವ ಮುಂಚೆಯೇ ವಾರಂಟಿಯ ಪೂರ್ತಿ ಕಾಗದ ತರಿಸಿ ಓದು. ಗಾಡಿಯ ಚಾಸಿ ನಂಬರು ಕೊಟ್ಟು, ಈ ವಾರಂಟಿ ನನ್ನ ಹೆಸರಿಗೆ ಬರುತ್ತದೆಯೇ ಎಂದು ಕಂಪನಿಯ ಅಧಿಕೃತ ವರ್ಕ್‌ಶಾಪಿನಿಂದ ಇಮೇಲ್‌ನಲ್ಲಿ ಉತ್ತರ ತಗೋ. ಬಾಯಿಮಾತಿನ ಉತ್ತರ ಬೇಡ.

ಎತ್ತು ಕೊಳ್ಳಲು ಹೋದಾಗ ನಿನ್ನ ಅಜ್ಜ ಮೊದಲು ಬಾಯಿ ತೆರೆಸಿ ಹಲ್ಲು ನೋಡುತ್ತಿದ್ದರು: ಎರಡು ಹಲ್ಲೋ, ನಾಲ್ಕೋ, ಬಾಯಿಗೂಡಿದ್ದೋ. ಮಾರುವವನ ಮಾತು ಆಮೇಲೆ. ಕಾರಿಗೂ ಹಲ್ಲುಗಳಿವೆ. ಟೈರಿನ ಮಗ್ಗುಲಲ್ಲಿ ನಾಲ್ಕು ಅಂಕಿ ಒತ್ತಿರುತ್ತಾರೆ. 1217 ಅಂದರೆ 2017ರ ಹನ್ನೆರಡನೆಯ ವಾರದ ಟೈರು. ಕಡಿಮೆ ಓಡಿದ ಗಾಡಿಯ ಟೈರು ನೋಡಲು ಹೊಸದರಂತೆಯೇ ಇರುತ್ತದೆ, ಒಳಗೆ ರಬ್ಬರು ಕಲ್ಲಾಗಿರುತ್ತದೆ. ಕಾರ್ಬನ್ ಸೆರಾಮಿಕ್ ಬ್ರೇಕ್ ಇದ್ದರೆ ಡಿಸ್ಕಿನ ಮೇಲೆ ಕನಿಷ್ಠ ತೂಕವನ್ನು ಗ್ರಾಂ ಲೆಕ್ಕದಲ್ಲಿ ಕೊರೆದಿರುತ್ತಾರೆ. ಅದನ್ನು ಬಿಚ್ಚಿ ತಕ್ಕಡಿಗೆ ಹಾಕಬೇಕು. ಬ್ಯಾಡಗಿಯಲ್ಲಿ ಮೆಣಸಿನಕಾಯಿ ಚೀಲ ತೂಗಿದಷ್ಟೇ ನಿಷ್ಠೆಯಿಂದ ತೂಗಿಸು, ಕಣ್ಣಿಗೆ ಕಾಣದ ಸವೆತ ತೂಕದಲ್ಲಿ ಗೊತ್ತಾಗುತ್ತದೆ. ಗಲಾರ್ಡೊದ ಇ-ಗೇರ್‌ನಲ್ಲಿ ಕ್ಲಚ್ ಪೆಡಲ್ ಇಲ್ಲ, ಆದರೆ ಕ್ಲಚ್ ಇದೆ, ಅದೂ ಒಂದೇ. ಬೆಂಗಳೂರಿನ ಟ್ರಾಫಿಕ್ಕಿನಲ್ಲಿ ತೆವಳಿದ ಗಾಡಿಯಾದರೆ ಅದು ಬೇಗ ಸವೆದಿರುತ್ತದೆ. ಎಷ್ಟು ಉಳಿದಿದೆ ಅನ್ನುವುದನ್ನು ಸ್ಕ್ಯಾನರ್ ಹಚ್ಚಿದರೆ ಗಾಡಿಯೇ ಹೇಳುತ್ತದೆ. ಮಾರುವವನು ಹಿಂದಿನ ದಿನ ಎರರ್ ಕೋಡ್ ಅಳಿಸಿದ್ದರೆ ಅದೂ ಸಿಕ್ಕಿಬೀಳುತ್ತದೆ: ಗಾಡಿ ತನ್ನನ್ನು ತಾನು ಪರೀಕ್ಷಿಸಿಕೊಳ್ಳುವ ಕೆಲಸ ಇನ್ನೂ ಪೂರ್ತಿಯಾಗಿಲ್ಲ ಅಂತ ತೋರಿಸುತ್ತದೆ. ಹಾಗೆ ಕಂಡರೆ ಒಂದು ವಾರ ಬಿಟ್ಟು ಮತ್ತೆ ನೋಡುತ್ತೇನೆ ಅನ್ನು.

ನೀರು ಕುಡಿದ ಗಾಡಿಯ ಭಯ ನನಗೆ ಎಲ್ಲಕ್ಕಿಂತ ಹೆಚ್ಚು. 2022ರ ಸೆಪ್ಟೆಂಬರ್ ಮಳೆಗೆ ಬೆಂಗಳೂರಿನ ಯಮಲೂರು ಕಡೆಯ ಬಂಗಲೆಗಳಲ್ಲಿ ಬೆಂಟ್ಲಿ, ಲೆಕ್ಸಸ್, ಆಡಿ ಗಾಡಿಗಳು ಕೆಸರು ನೀರಿನಲ್ಲಿ ಮುಳುಗಿ ನಿಂತ ಚಿತ್ರ ಟಿವಿಯಲ್ಲಿ ಎಲ್ಲರೂ ನೋಡಿದ್ದೇವೆ. 2015ರಲ್ಲಿ ಚೆನ್ನೈ ಮುಳುಗಿದಾಗಲೂ ಹೀಗೇ. ಮುಳುಗಿದ ಗಾಡಿಗಳೆಲ್ಲ ಗುಜರಿಗೇ ಹೋಗುವುದಿಲ್ಲ. ತೊಳೆದು ಒಣಗಿಸಿ ಮತ್ತೆ ಮಾರುಕಟ್ಟೆಗೆ ಬರುವವೂ ಇರುತ್ತವೆ. ಗಾಡಿಯೊಳಗೆ ಕುಂತು ಸೀಟ್ ಬೆಲ್ಟನ್ನು ಕೊನೆಯವರೆಗೂ ಎಳೆ, ಸುರುಳಿಯ ಬುಡ ಕಾಣುವ ತನಕ. ತೊಳೆಯುವವರು ಎಲ್ಲ ತೊಳೆಯುತ್ತಾರೆ, ಅಲ್ಲಿಗೆ ಅವರ ಕೈ ಹೋಗುವುದಿಲ್ಲ. ಬೆಲ್ಟಿನ ಕೊನೆಯ ಒಂದು ಗೇಣಿನಲ್ಲಿ ಮಣ್ಣಿನ ಗೆರೆ ಉಳಿದಿರುತ್ತದೆ. ಸೀಟಿನ ಕೆಳಗಿನ ಕಂಬಿಗೆ ಬೆರಳಾಡಿಸು, ತುಕ್ಕು ಇದೆಯೇ. ಕಾರ್ಪೆಟ್ ಎತ್ತಿ ವೈರಿನ ಕನೆಕ್ಟರ್ ನೋಡು, ಹಸಿರು ಪಾಚಿಯಂಥದು ಹಿಡಿದಿದೆಯೇ. ಈ ಮೂರರಲ್ಲಿ ಒಂದು ಕಂಡರೂ ಮುಂದಿನ ಮಾತು ಬೇಡ, ಎದ್ದು ಬಾ.

ಕಾಗದಪತ್ರಕ್ಕೆ ಬರುತ್ತೇನೆ. ಗಾಡಿ ಬೇರೆ ರಾಜ್ಯದ್ದಾದರೆ ಹನ್ನೆರಡು ತಿಂಗಳೊಳಗೆ ಇಲ್ಲಿ ನೋಂದಣಿ ಆಗಬೇಕು, ತೆರಿಗೆ ಕಟ್ಟಬೇಕು. ಕರ್ನಾಟಕದಲ್ಲಿ 20 ಲಕ್ಷಕ್ಕೆ ಮೇಲ್ಪಟ್ಟ ಹೊಸ ಕಾರಿಗೆ ಜೀವಾವಧಿ ತೆರಿಗೆ ಶೇ 18, ಮೇಲೆ ಸೆಸ್. ಹಳೆಯದಕ್ಕೆ ವಯಸ್ಸು ನೋಡಿ ಇಳಿಸುತ್ತಾರೆ, ಆದರೆ ಲೆಕ್ಕ ಶುರುವಾಗುವುದು ಹೊಸದಿದ್ದಾಗಿನ ಬೆಲೆಯಿಂದ, ನೀನು ಕೊಟ್ಟ ಬೆಲೆಯಿಂದಲ್ಲ. 2025ರ ಫೆಬ್ರುವರಿಯಲ್ಲಿ ಬೆಂಗಳೂರಿನ ಸಾರಿಗೆ ಅಧಿಕಾರಿಗಳು ತೆರಿಗೆ ಕಟ್ಟದ 30 ಐಷಾರಾಮಿ ಕಾರು ಹಿಡಿದರು. ಅದೇ ವರ್ಷ ಜುಲೈನಲ್ಲಿ ಮಹಾರಾಷ್ಟ್ರ ನೋಂದಣಿಯ ಒಂದು ಫೆರಾರಿಗೆ ದಂಡ ಸೇರಿ ಸುಮಾರು 1.41 ಕೋಟಿ ರೂಪಾಯಿ ಕಟ್ಟಿಸಿಕೊಂಡರು. ಅಷ್ಟರಲ್ಲಿ ನಮ್ಮೂರಿನಲ್ಲಿ ಒಂದು ಓಣಿಯೇ ಮನೆ ಕಟ್ಟಿಕೊಂಡೀತು. ಇನ್ನು, 2011ರ ಗಾಡಿಯ ಆರ್‌ಸಿ 15 ವರ್ಷಕ್ಕೆ, ಅಂದರೆ 2026ಕ್ಕೆ ಮುಗಿಯುತ್ತದೆ. ನವೀಕರಿಸಲು ಫಿಟ್‌ನೆಸ್ ತೋರಿಸಬೇಕು. ಆ ಖರ್ಚು ಯಾರದು ಅನ್ನುವುದು ದರದ ಮಾತಿನಲ್ಲೇ ತೀರ್ಮಾನ ಆಗಬೇಕು.

ವಿಮೆಯಲ್ಲಿ ಒಂದೇ ಎಚ್ಚರ. ಗಾಡಿ ನಿನ್ನ ಹೆಸರಿಗಾದ ಮೇಲೆ 14 ದಿನದೊಳಗೆ ಪಾಲಿಸಿಯನ್ನೂ ನಿನ್ನ ಹೆಸರಿಗೆ ಮಾಡಿಸು. ಇಲ್ಲದಿದ್ದರೆ ಎದುರಿನವರ ನಷ್ಟ ತುಂಬಿಯಾರು, ನಿನ್ನ ಗಾಡಿಯ ನಷ್ಟ ನಿನ್ನ ತಲೆಗೇ ಬಂದೀತು. ಹಳೆ ಮಾಲೀಕನ ನೋ ಕ್ಲೇಮ್ ಬೋನಸ್ ಅವನಿಗೇ ಸೇರಿದ್ದು, ಗಾಡಿಯ ಜೊತೆ ಬರುವುದಿಲ್ಲ. ಅಂಗಡಿಯವರಿಂದ ಕೊಂಡು ಮೋಸ ಆದರೆ ಎರಡು ವರ್ಷದೊಳಗೆ ಗ್ರಾಹಕರ ಆಯೋಗಕ್ಕೆ ಹೋಗಬಹುದು. ಕೊಟ್ಟ ಹಣ 50 ಲಕ್ಷದೊಳಗಿದ್ದರೆ ಜಿಲ್ಲಾ ಆಯೋಗವೇ ಸಾಕು. ತನ್ನ ಸ್ವಂತ ಗಾಡಿ ಮಾರಿದ ಖಾಸಗಿ ಮನುಷ್ಯನ ಮೇಲೆ ಆ ದಾರಿ ಸುಲಭವಲ್ಲ. ಹಾಗಾಗಿ ಅವನು ಬಾಯಲ್ಲಿ ಹೇಳಿದ್ದನ್ನೆಲ್ಲ ಕರಾರಿನಲ್ಲಿ ಬರೆಸು: ಅಪಘಾತ ಆಗಿಲ್ಲ, ನೀರು ಹೊಕ್ಕಿಲ್ಲ, ಸಾಲ ಬಾಕಿ ಇಲ್ಲ.

ಊರಿಗೆ ಅದರಲ್ಲೇ ಬರುತ್ತೇನೆ ಅಂದಿದ್ದಿ. ಕೇಳಿ ಹಿಗ್ಗಿದೆ. ಆದರೆ ರಸ್ತೆ ಉಬ್ಬು ನಿಯಮದ ಪ್ರಕಾರ 10 ಸೆಂಟಿಮೀಟರ್ ಎತ್ತರ, 3.7 ಮೀಟರ್ ಅಗಲ ಇರಬೇಕು. ಹೆದ್ದಾರಿ ಬಿಟ್ಟು ಯಲವಿಗಿ ಕಡೆ ತಿರುಗಿದ ಮೇಲೆ ಊರೂರಿನವರು ಹಾಕಿಕೊಂಡ ಉಬ್ಬುಗಳು ಅಷ್ಟು ಅಗಲ ಇಲ್ಲ, ಎತ್ತರ ಮಾತ್ರ ಹೆಚ್ಚು. ಮೂಗು ಎತ್ತುವ ಲಿಫ್ಟ್ ಇರುವ ಗಾಡಿಯನ್ನೇ ನೋಡು, ಅದು ಕೆಲಸ ಮಾಡುತ್ತದೋ ಇಲ್ಲವೋ ಹತ್ತು ಸಲ ಎತ್ತಿ ಇಳಿಸಿ ನೋಡು. ಇಲ್ಲಿ ಕೆಟ್ಟು ನಿಂತರೆ ಬೆಂಗಳೂರಿಗೆ 350 ಕಿಲೋಮೀಟರಿಗೂ ಹೆಚ್ಚು, ಚಪ್ಪಟೆ ಲಾರಿಯ ಮೇಲೇ ಹೋಗಬೇಕು. ಹಗ್ಗ ಕಟ್ಟಿ ಎಳೆಯುವ ಗಾಡಿ ಅಲ್ಲ. ಬಂಕುಗಳಲ್ಲಿ ಈಗ ಇ20 ಪೆಟ್ರೋಲು. ಆ ಎಂಜಿನ್ನಿನ ಪೈಪು, ಸೀಲುಗಳು ಅಷ್ಟು ಎಥನಾಲ್‌ಗೆ ಮಾಡಿದವಲ್ಲ ಅನ್ನುವುದೂ ತಲೆಯಲ್ಲಿರಲಿ.

ಲೆಕ್ಕ ಕೇಳಿದ್ದಿ, ನನ್ನ ಅಂದಾಜು ಹೇಳುತ್ತೇನೆ: ಗಾಡಿಗೆ ಕೊಡುವ ದುಡ್ಡಿನ ನಾಲ್ಕನೇ ಒಂದು ಪಾಲು ಬೇರೆ ಖಾತೆಯಲ್ಲಿ ಮುಟ್ಟದೆ ಇಟ್ಟ ಮೇಲೆ ಮಾತ್ರ ಕೊಳ್ಳು. ಸಾಲ ಮಾಡಿ ಗಾಡಿ ತರಬಹುದು, ಆದರೆ ಸಾಲ ಮಾಡಿ ರಿಪೇರಿ ಮಾಡಿಸಬಾರದು. ಹೊಲದ ಪತ್ರ, ಅವ್ವನ ಬಂಗಾರ ಈ ಮಾತಿನೊಳಗೆ ಬರಲೇಬಾರದು.

ಈಗ ಅವಸರ ಮಾಡಬೇಡ. ಸರ್ವಿಸ್ ಪುಸ್ತಕದ ಎಲ್ಲ ಹಾಳೆಯ ಫೋಟೊ, ವಿಮೆಯ ಹಳೆಯ ಕ್ಲೇಮುಗಳ ವಿವರ, ಆರ್‌ಸಿಯ ನಕಲು ಕಳಿಸು. ಗಾಡಿ ನೋಡಲು ಹೋಗುವ ದಿನ ಗೊತ್ತಾದ ಕೂಡಲೇ ಫೋನ್ ಮಾಡು, ನಾನು ಯಲವಿಗಿ ಸ್ಟೇಷನ್ನಿಗೆ ಹೋಗಿ ರಾತ್ರಿ ರೈಲು ಹತ್ತುತ್ತೇನೆ. ಟಾರ್ಚು, ಟೈರ್ ಗೇಜು, ಹಳೆಯ ಕನ್ನಡಕ ಚೀಲದಲ್ಲಿ ಈಗಾಗಲೇ ಇಟ್ಟಿದ್ದೇನೆ. ಸೀಟ್ ಬೆಲ್ಟ್ ನಾನೇ ಎಳೆದು ನೋಡುತ್ತೇನೆ.

ನಿನ್ನ ಕಾಕಾ