ಲೀಫ್‌ಲೆಟ್ ಎಂಬ ಭೂಪಟ ಸಾಧನ

ಶಾಲೆಯ ಗೋಡೆಯ ಮೇಲೆ ತೂಗುವ ಭೂಪಟಕ್ಕೆ ಒಂದು ಮಿತಿಯುಂಟು. ಅದರಲ್ಲಿ ರಾಜ್ಯವು ಕಂಡರೆ ಊರು ಕಾಣದು. ಊರಿನ ಬೀದಿಗಳನ್ನು ತೋರಿಸಹೊರಟರೆ ರಾಜ್ಯವು ಕಾಗದದ ಅಂಚಿನಿಂದಾಚೆಗೆ ಉಳಿದುಬಿಡುವುದು. ಕಂಪ್ಯೂಟರಿನ ಅಥವಾ ಮೊಬೈಲ್ ಫೋನಿನ ತೆರೆಯ ಮೇಲಿನ ಭೂಪಟಕ್ಕೆ ಈ ಕಟ್ಟಿಲ್ಲ. ಬೆರಳಿನಿಂದ ಸರಿಸಿದರೆ ಅದು ಸರಿಯುವುದು. ಎರಡು ಬೆರಳುಗಳನ್ನು ಅಗಲಿಸಿದರೆ ಭೂಖಂಡವು ಹಿಂದೆ ಸರಿದು ಬೀದಿಯು ಮುಂದೆ ಬರುವುದು. ನೋಡುವವರಿಗೆ ಇದು ನೀರು ಕುಡಿದಷ್ಟು ಸುಲಭ. ಜಾಲಪುಟವನ್ನು ಕಟ್ಟುವವರಿಗೆ ಮಾತ್ರ ಇದು ಬಹುಕಾಲ ತಲೆನೋವಿನ ಕೆಲಸವೇ ಆಗಿತ್ತು. ಆ ಕೆಲಸವನ್ನು ಹಗುರಮಾಡಿದ ಸಾಧನಗಳಲ್ಲಿ ಲೀಫ್‌ಲೆಟ್ ಎಂಬುದು ಮುಖ್ಯವಾದುದು.

ಜಾಲಪುಟಗಳಿಗೆ ಚಲನೆಯನ್ನು ಕೊಡುವ ಭಾಷೆ ಜಾವಾಸ್ಕ್ರಿಪ್ಟ್. ಇದನ್ನು 1995ರಲ್ಲಿ ಅಮೆರಿಕದ ಬ್ರೆಂಡನ್ ಐಕ್ ಅವರು ರೂಪಿಸಿದರು. ಈ ಭಾಷೆಯಲ್ಲಿ ಒಬ್ಬರು ಬರೆದ ಆದೇಶಗಳನ್ನು ಇತರರೂ ಎತ್ತಿಕೊಂಡು ಬಳಸಲು ಅನುಕೂಲವಾಗುವಂತೆ ಕಟ್ಟಿಟ್ಟ ಗಂಟನ್ನು ಆ ವೃತ್ತಿಯವರು ‘ಲೈಬ್ರರಿ’ ಎಂದು ಕರೆಯುವರು. ಹೆಸರು ಗ್ರಂಥಭಂಡಾರದ್ದಾದರೂ, ನಿಜಕ್ಕೆ ಅದು ಬಡಗಿಯ ಹತಾರಗಳ ಪೆಟ್ಟಿಗೆಗೆ ಹೆಚ್ಚು ಹತ್ತಿರ. ಆದರೆ ಬಡಗಿಯ ಪೆಟ್ಟಿಗೆಗಿಲ್ಲದ ಒಂದು ತೊಡಕು ಇದಕ್ಕುಂಟು. ಬಡಗಿಯು ಮಾಡಿಕೊಟ್ಟ ಬಾಗಿಲಿನ ಜೊತೆಯಲ್ಲಿ ಅವನ ಉಳಿ, ಬಾಚಿಗಳು ಮನೆಗೆ ಬರುವುದಿಲ್ಲ. ಜಾಲಪುಟದ ವಿಷಯದಲ್ಲಿ ಹಾಗಲ್ಲ. ಪುಟವನ್ನು ತೆರೆದ ಪ್ರತಿಯೊಬ್ಬರ ಯಂತ್ರಕ್ಕೂ ಹತಾರಗಳ ಪೆಟ್ಟಿಗೆಯೇ ಪ್ರಯಾಣಮಾಡಬೇಕು. ಪೆಟ್ಟಿಗೆಯು ಭಾರವಾದಷ್ಟೂ ಪುಟವು ತಡವಾಗಿ ತೆರೆಯುವುದು, ಫೋನಿನ ಡೇಟಾ ವ್ಯಯವಾಗುವುದು. ದುರ್ಬಲವಾದ ಸಂಪರ್ಕವಿರುವ ಕಡೆ, ಅಗ್ಗದ ಫೋನನ್ನು ಹಿಡಿದು ಆಸ್ಪತ್ರೆಯ ದಾರಿಯನ್ನು ಹುಡುಕುವವನಿಗೆ ಈ ಭಾರವು ಲೆಕ್ಕದ ಮಾತಾಗಿ ಉಳಿಯದು.

ಲೀಫ್‌ಲೆಟ್‌ನ ಮೊದಲ ಆವೃತ್ತಿಯನ್ನು 2011ರ ಮೇ ತಿಂಗಳಿನಲ್ಲಿ ಉಕ್ರೇನಿನ ಕೀವ್ ನಗರದ ವೊಲೊದಿಮಿರ್ ಅಗಾಫೊಂಕಿನ್ ಎಂಬ ತಂತ್ರಜ್ಞರು ಹೊರತಂದರು. ಆ ವೇಳೆಗೆ ಗೂಗಲ್ ಸಂಸ್ಥೆಯ ಭೂಪಟಗಳು ಬಂದು ಆರು ವರ್ಷಗಳಾಗಿದ್ದವು. ಓಪನ್‌ಲೇಯರ್ಸ್ ಎಂಬ ಇನ್ನೊಂದು ಮುಕ್ತ ಸಾಧನವೂ ಇತ್ತು. ಅದು ಸಮರ್ಥವಾದುದು, ಆದರೆ ಭಾರವಾದುದು. ಅದೇ ವರ್ಷದ ಕೊನೆಯಲ್ಲಿ ಗೂಗಲ್ ಸಂಸ್ಥೆಯು ತನ್ನ ಭೂಪಟಗಳ ಬಳಕೆಯು ಗೊತ್ತಾದ ಮಿತಿಯನ್ನು ಮೀರಿದರೆ ಹಣ ತೆರಬೇಕೆಂದು ಪ್ರಕಟಿಸಿತು. ಅನೇಕರು ಬೇರೆ ದಾರಿಯನ್ನು ಅರಸತೊಡಗಿದ ಆ ಸಮಯದಲ್ಲಿ ಲೀಫ್‌ಲೆಟ್ ಕೈಗೆ ಸಿಕ್ಕಿತು. ಸ್ವಯಂಸೇವಕರು ಸೇರಿ ರಚಿಸುತ್ತಿರುವ ಜಗತ್ತಿನ ಭೂಪಟವಾದ ಓಪನ್‌ಸ್ಟ್ರೀಟ್‌ಮ್ಯಾಪ್ ಕೂಡ 2012ರಲ್ಲಿ ತನ್ನ ತಾಣದಲ್ಲಿ ಇದನ್ನೇ ಅಳವಡಿಸಿಕೊಂಡಿತು. ಇದರ ಭಾರ, ಒತ್ತಿ ಕಿರಿದುಗೊಳಿಸಿದಾಗ, ಸುಮಾರು 42 ಕಿಲೋಬೈಟ್. ಫೋನಿನಿಂದ ತೆಗೆದ ಒಂದೇ ಒಂದು ಛಾಯಾಚಿತ್ರವು ಇದರ ಹತ್ತಾರು ಪಟ್ಟು ತೂಗುವುದು. ಹೆಸರಿನ ಅರ್ಥವೂ ‘ಪುಟ್ಟ ಎಲೆ’ ಎಂದೇ.

ಇಷ್ಟು ಚಿಕ್ಕ ಗಂಟಿನಲ್ಲಿ ಇಡೀ ಭೂಮಂಡಲವು ಹೇಗೆ ಹಿಡಿಯಿತು? ಹಿಡಿಯಲಿಲ್ಲವೆಂಬುದೇ ಇದರ ಗುಟ್ಟು. ಲೀಫ್‌ಲೆಟ್‌ನ ಒಳಗೆ ಭೂಪಟವೇ ಇಲ್ಲ. ಭೂಪಟವನ್ನು ಮೊದಲೇ ಚೌಕಾಕಾರದ ಚೂರುಗಳಾಗಿ ಕತ್ತರಿಸಿ ಬೇರೊಂದು ಕಂಪ್ಯೂಟರಿನಲ್ಲಿ ಇರಿಸಿರುತ್ತಾರೆ. ನೆಲಕ್ಕೆ ಹಾಸುವ ಬಿಲ್ಲೆಗಳಂತೆ ಇರುವುದರಿಂದ ಇವಕ್ಕೆ ‘ಟೈಲ್’ ಎಂದೇ ಹೆಸರು. ಪ್ರತಿ ಟೈಲಿನ ಉದ್ದ 256 ಚುಕ್ಕೆ, ಅಗಲ 256 ಚುಕ್ಕೆ. ಸೊನ್ನೆಯ ಹಂತದಲ್ಲಿ ಇಡೀ ಜಗತ್ತು ಒಂದೇ ಟೈಲಿನಲ್ಲಿ ಅಡಗಿರುವುದು. ಒಂದು ಹಂತ ಹತ್ತಿರಕ್ಕೆ ಬಂದರೆ ಅದು 4 ಟೈಲುಗಳಾಗುವುದು. ಮತ್ತೊಂದು ಹಂತಕ್ಕೆ 16. ಹೀಗೆ ಪ್ರತಿ ಹಂತದಲ್ಲೂ ನಾಲ್ಕು ಪಟ್ಟಾಗುತ್ತ ಹತ್ತನೆಯ ಹಂತದಲ್ಲಿ 10,48,576 ಟೈಲುಗಳೂ, ಮನೆಗಳು ಒಂದೊಂದಾಗಿ ಕಾಣುವ ಹದಿನೆಂಟನೆಯ ಹಂತದಲ್ಲಿ 6,871 ಕೋಟಿಗೂ ಮಿಕ್ಕಿದ ಟೈಲುಗಳೂ ಆಗುವುವು. ನೋಡುವವನ ತೆರೆಯನ್ನು ತುಂಬಲು ಇವುಗಳಲ್ಲಿ ಬೇಕಾದುವು ಇಪ್ಪತ್ತರ ಆಸುಪಾಸು ಮಾತ್ರ. ಯಾವ ಇಪ್ಪತ್ತು ಎಂಬುದನ್ನು ಲೆಕ್ಕಹಾಕಿ, ಅಷ್ಟನ್ನೇ ತರಿಸಿ, ಸಂದು ಕಾಣದಂತೆ ಜೋಡಿಸಿ, ಬೆರಳು ಸರಿದಂತೆಲ್ಲ ಹೊಸದನ್ನು ತರಿಸಿ ಹಳೆಯದನ್ನು ತೆಗೆದುಹಾಕುವುದೇ ಲೀಫ್‌ಲೆಟ್‌ನ ಮುಖ್ಯ ಕಾಯಕ.

ದುಂಡಾದ ಭೂಮಿಯನ್ನು ಚಪ್ಪಟೆಯಾದ ಟೈಲುಗಳಿಗೆ ಇಳಿಸುವಲ್ಲಿ ಬಳಸುವ ವಿಧಾನವು ಹೊಸದಲ್ಲ. ಗೆರಾರ್ಡಸ್ ಮರ್ಕೇಟರ್ ಎಂಬ ಭೂಪಟಕಾರನು 1569ರಲ್ಲಿ ನಾವಿಕರಿಗಾಗಿ ರೂಪಿಸಿದ ಕ್ರಮವೇ ಸ್ವಲ್ಪ ಮಾರ್ಪಾಡಾಗಿ ಇಲ್ಲಿ ಬಳಕೆಯಾಗಿದೆ. ಅದರ ದೋಷವೂ ಜೊತೆಯಲ್ಲೇ ಬಂದಿದೆ. ಧ್ರುವಗಳ ಕಡೆಗೆ ಸಾಗಿದಂತೆ ನಾಡುಗಳು ಉಬ್ಬಿಕೊಳ್ಳುವುವು. ಆಫ್ರಿಕಾದ ಹದಿನಾಲ್ಕನೆಯ ಒಂದು ಭಾಗದಷ್ಟಿರುವ ಗ್ರೀನ್‌ಲ್ಯಾಂಡ್ ಅದರ ಸರಿಸಮನಾಗಿ ತೋರುವುದು. ಊರಿನ ಬೀದಿಗಳನ್ನು ನೋಡುವಾಗ ಈ ದೋಷವು ಬಾಧಿಸದು. ದೇಶಗಳ ಗಾತ್ರವನ್ನು ಹೋಲಿಸಲು ಮಾತ್ರ ಇಂತಹ ಭೂಪಟವನ್ನು ನಂಬಬಾರದು.

ಇದನ್ನು ಬಳಸುವ ಕ್ರಮವು ಸರಳವಾಗಿದೆ. ಅಕ್ಷಾಂಶ, ರೇಖಾಂಶ, ಹಂತ ಈ ಮೂರನ್ನು ಹೇಳಿ, ಟೈಲುಗಳು ಎಲ್ಲಿವೆಯೆಂದು ತಿಳಿಸಿದರೆ ಭೂಪಟವು ಸಿದ್ಧ. ಹೊಸಬರಿಗಾಗಿ ಬರೆದ ಪಾಠದಲ್ಲಿ ಕೊಟ್ಟಿರುವ ಉದಾಹರಣೆ ಲಂಡನ್ ನಗರದ್ದು: 51.505 ಮತ್ತು −0.09. ಋಣ ಚಿಹ್ನೆಯು ಗ್ರೀನ್‌ವಿಚ್‌ನ ಪಶ್ಚಿಮವನ್ನು ಸೂಚಿಸುವುದು. ಈ ಎರಡು ಸಂಖ್ಯೆಗಳನ್ನು ಅದಲುಬದಲಾಗಿ ಬರೆದರೆ ಲಂಡನ್ನಿನ ಗುರುತು ಹಿಂದೂ ಮಹಾಸಾಗರದ ನಡುವೆ, ಸೊಮಾಲಿಯಾದ ಪೂರ್ವಕ್ಕೆ ಹೋಗಿ ನಿಲ್ಲುವುದು! ಭೂಗೋಳದ ಮಾಹಿತಿಯನ್ನು ಇಡುವ ಕೆಲವು ಕಡತಗಳಲ್ಲಿ ರೇಖಾಂಶವನ್ನು ಮೊದಲು ಬರೆಯುವ ಪದ್ಧತಿಯಿರುವುದರಿಂದ, ನುರಿತವರೂ ಇಲ್ಲಿ ಎಡವುವುದುಂಟು.

ನದಿಯನ್ನೋ ರಸ್ತೆಯನ್ನೋ ಗೆರೆಯಾಗಿ ಬರೆಯುವಾಗ ತೋರುವ ಜಾಣ್ಮೆಯನ್ನೂ ಹೇಳಬೇಕು. ಒಂದು ನದಿಯ ಗೆರೆಯಲ್ಲಿ ಸಾವಿರಾರು ಬಿಂದುಗಳಿರಬಹುದು. ದೂರದಿಂದ ನೋಡುವಾಗ ಅವೆಲ್ಲವೂ ಬೇಕಿಲ್ಲ. ಡಗ್ಲಸ್ ಮತ್ತು ಪ್ಯೂಕರ್ ಎಂಬಿಬ್ಬರು 1973ರಲ್ಲಿ ಪ್ರಕಟಿಸಿದ ವಿಧಾನವನ್ನನುಸರಿಸಿ, ಗೆರೆಯ ಆಕಾರಕ್ಕೆ ಭಂಗ ಬರದಂತೆ ಅನಾವಶ್ಯಕ ಬಿಂದುಗಳನ್ನು ಲೀಫ್‌ಲೆಟ್ ಬಿಟ್ಟುಬಿಡುವುದು. ಹತ್ತಿರ ಹೋದಾಗ ಅವು ಮರಳಿ ಬರುವುವು.

ಗುಣಗಳು ಇಷ್ಟಿದ್ದ ಮಾತ್ರಕ್ಕೆ ಇದನ್ನು ಎಲ್ಲ ಕೆಲಸಕ್ಕೂ ಹೂಡುವುದು ವಿವೇಕವಲ್ಲ. ಭೂಪಟವನ್ನು ತಿರುಗಿಸುವುದು, ಓರೆಯಾಗಿಸಿ ಕಟ್ಟಡಗಳ ಎತ್ತರವನ್ನು ತೋರಿಸುವುದು ಇದರ ಮೂಲ ಸ್ವರೂಪದಲ್ಲಿ ಸಾಧ್ಯವಿಲ್ಲ. ಅಂತಹುದಕ್ಕೆ ಮ್ಯಾಪ್‌ಲಿಬ್ರೆಯಂತಹ ಭಾರವಾದ ಸಾಧನಗಳೇ ಬೇಕು. ಹತ್ತಾರು ಸಾವಿರ ಗುರುತುಗಳನ್ನು ಒಮ್ಮೆಗೇ ನೆಟ್ಟರೆ ಪುಟವು ಏದುಸಿರು ಬಿಡುವುದು. ಹತ್ತಿರದ ಗುರುತುಗಳನ್ನು ಗುಂಪುಗೂಡಿಸುವ ಉಪಸಾಧನವನ್ನು ಜೋಡಿಸಿಕೊಳ್ಳಬೇಕಾಗುವುದು. ಇಂತಹ ಉಪಸಾಧನಗಳು ನೂರಾರು ಇವೆಯಾದರೂ, ಬರೆದವರು ಕೈಬಿಟ್ಟು ಹಳತಾದವೂ ಅವುಗಳ ನಡುವೆ ಸೇರಿಕೊಂಡಿವೆ. ಆರಿಸುವಾಗ ಎಚ್ಚರ ಅಗತ್ಯ. ಸಾಧನವು ಉಚಿತವಾದರೂ ಟೈಲುಗಳನ್ನು ಒದಗಿಸುವವರಿಗೆ ಖರ್ಚಿದೆ ಎಂಬುದನ್ನೂ ಮರೆಯಲಾಗದು. ಓಪನ್‌ಸ್ಟ್ರೀಟ್‌ಮ್ಯಾಪ್‌ನ ಟೈಲುಗಳು ದೇಣಿಗೆಯಿಂದ ನಡೆಯುವಂಥವು. ಬಳಸುವವರು ಭೂಪಟದ ಮೂಲೆಯಲ್ಲಿ ಅದನ್ನು ರಚಿಸಿದವರ ಋಣವನ್ನು ಕಾಣಿಸಬೇಕೆಂದೂ, ಅತಿಯಾಗಿ ಎಳೆದುಕೊಳ್ಳಬಾರದೆಂದೂ ನಿಯಮವಿದೆ.

ಅದೇ ಮೂಲೆಯು 2022ರಲ್ಲಿ ಚರ್ಚೆಗೆ ಕಾರಣವಾಯಿತು. ಆ ವರ್ಷದ ಫೆಬ್ರವರಿಯಲ್ಲಿ ರಷ್ಯಾವು ಉಕ್ರೇನಿನ ಮೇಲೆ ದಂಡೆತ್ತಿ ಬಂದಾಗ ಕೀವ್ ನಗರದ ಮೇಲೂ ಬಾಂಬುಗಳು ಬಿದ್ದವು. ಲೀಫ್‌ಲೆಟ್‌ನ ತಾಣದಲ್ಲಿ ನೆರವಿಗಾಗಿ ಮನವಿ ಕಾಣಿಸಿತು. ಏಪ್ರಿಲ್‌ನಲ್ಲಿ ಬಂದ 1.8ನೆಯ ಆವೃತ್ತಿಯಲ್ಲಿ ಭೂಪಟದ ಮೂಲೆಯ ಹೆಸರಿನ ಪಕ್ಕದಲ್ಲಿ ನೀಲಿ ಹಳದಿ ಬಣ್ಣದ ಪುಟ್ಟ ಧ್ವಜವೊಂದು ಸೇರಿತು. ಹತಾರದೊಳಗೆ ರಾಜಕೀಯವೇಕೆಂದು ಕೆಲವರು ಆಕ್ಷೇಪಿಸಿದರು. ಬೇಡವಾದವರು ಅದನ್ನು ಒಂದು ಸಾಲಿನ ಆದೇಶದಿಂದ ತೆಗೆದುಹಾಕಬಹುದಿತ್ತು. ಬೆಲೆಯಿಲ್ಲದೆ ಪಡೆದ ವಸ್ತುವನ್ನು ಮಾಡಿದ ಕೈಗಳ ಮೇಲೆ ವಿಪತ್ತು ಎರಗಿದಾಗ, ಆ ಕೈಗಳ ಗುರುತು ಮೂಲೆಯಲ್ಲಿ ಕಾಣಿಸಿಕೊಂಡುದನ್ನು ಅತಿರೇಕವೆನ್ನುವುದು ಕಷ್ಟ.

2025ರ ಆಗಸ್ಟಿನಲ್ಲಿ ಎರಡನೆಯ ಮಹಾ ಆವೃತ್ತಿಯ ಪರೀಕ್ಷಾರೂಪವು ಹೊರಬಂದಿತು. ಇಂಟರ್ನೆಟ್ ಎಕ್ಸ್‌ಪ್ಲೋರರ್ ಎಂಬ ಹಳೆಯ ಬ್ರೌಸರಿಗಾಗಿ ಬಹುಕಾಲದಿಂದ ಹೊತ್ತಿದ್ದ ಹೊರೆಯನ್ನು ಅದರಲ್ಲಿ ಇಳಿಸಲಾಗಿದೆ.