ಸತ್ತ ಮೇಲೂ ಪಟ್ಟಿಯಲ್ಲಿ ಉಳಿಯುವ ಪ್ರೊಸೆಸ್

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ಕಡೆಯಿಂದ ತುಮಕೂರಿಗೆ ಎಂಜಿನಿಯರಿಂಗ್ ಓದಲು ಬರುವ ಮಕ್ಕಳಲ್ಲಿ ಕೆಲವರು ‘ಜೋಂಬಿ ಪ್ರೊಸೆಸ್’ ಎಂದೊಡನೆ ವೈರಸ್ ಇರಬೇಕು ಎಂದುಕೊಳ್ಳುತ್ತಾರೆ. ಅದು ವೈರಸ್ ಅಲ್ಲ, ಕೆಲಸವನ್ನೂ ಮಾಡುತ್ತಿರುವುದಿಲ್ಲ. ವಿಟಿಯುವಿನ ಹಿಂದಿನ ಪಠ್ಯಕ್ರಮದ ಯುನಿಕ್ಸ್ ಲ್ಯಾಬಿನಲ್ಲಿ ಎರಡು ಸಲ ಫೋರ್ಕ್ ಮಾಡಿ ಜೋಂಬಿಯನ್ನು ತಪ್ಪಿಸುವ ಪ್ರೋಗ್ರಾಂ ಇತ್ತು. ತಪ್ಪಿಸುವ ಮುಂಚೆ ಒಂದನ್ನು ಹುಟ್ಟಿಸಿ ಕಣ್ಣಾರೆ ನೋಡಬೇಕು ಎಂಬುದು ನನ್ನ ನಂಬಿಕೆ.

ನಮ್ಮ ಊರುಗಳಲ್ಲಿ ತಾತ ತೀರಿಕೊಂಡು ವರ್ಷಗಳಾದರೂ ಪಹಣಿಯಲ್ಲಿ ಅವರ ಹೆಸರೇ ಇರುತ್ತದೆ. ಮನೆಯವರು ಪೌತಿ ಖಾತೆ ಮಾಡಿಸುವ ತನಕ ಅದು ಹೋಗುವುದಿಲ್ಲ. ಕರ್ನಲ್ ಇಟ್ಟುಕೊಂಡಿರುವ ಪ್ರೊಸೆಸ್ ಪಟ್ಟಿಯೂ ಹಾಗೆಯೇ. ಅಲ್ಲಿ ಮಕ್ಕಳು ಅರ್ಜಿ ಕೊಡಬೇಕು, ಇಲ್ಲಿ ಹೆತ್ತ ಪ್ರೊಸೆಸ್ ಬಂದು ವಿಚಾರಿಸಬೇಕು.

ಯುನಿಕ್ಸ್‌ನಲ್ಲಿ ಒಂದು ಪ್ರೊಸೆಸ್ ‘ಫೋರ್ಕ್’ ಕರೆದಾಗ ಅದರ ನಕಲಾಗಿ ಮರಿ ಪ್ರೊಸೆಸ್ ಹುಟ್ಟುತ್ತದೆ. ಮರಿ ‘ಎಕ್ಸಿಟ್’ ಆದಾಗ ಕರ್ನಲ್ ಅದರ ಮೆಮೊರಿಯನ್ನು ವಾಪಸು ಪಡೆಯುತ್ತದೆ, ತೆರೆದ ಫೈಲುಗಳನ್ನು ಮುಚ್ಚುತ್ತದೆ. ಆದರೆ ಅದರ ಪಿಐಡಿ ಸಂಖ್ಯೆಯನ್ನೂ ಅದು ಹೇಗೆ ಮುಗಿಯಿತು ಎಂಬ ಫಲಿತಾಂಶವನ್ನೂ ಅಳಿಸುವುದಿಲ್ಲ. ಹೆತ್ತದ್ದು ‘ವೇಟ್’ ಕರೆದು ಆ ಫಲಿತಾಂಶ ಓದಿಕೊಂಡ ಮೇಲಷ್ಟೇ ಸಾಲು ಅಳಿಯುತ್ತದೆ. ಅಷ್ಟರವರೆಗಿನ ಸ್ಥಿತಿಯೇ ಜೋಂಬಿ. ಅಂದರೆ ಸಾಮಾನ್ಯವಾಗಿ ಪ್ರತಿ ಮರಿಯೂ ಕ್ಷಣಮಾತ್ರವಾದರೂ ಜೋಂಬಿಯಾಗಿಯೇ ಹೋಗುತ್ತದೆ! ಟರ್ಮಿನಲ್‌ನಲ್ಲಿ ನೀವು ಕೊಡುವ ಆಜ್ಞೆಗಳ ಹಿಂದೆಯೂ ಶೆಲ್ ಹೀಗೆ ಫೋರ್ಕ್ ಮಾಡಿ, ವೇಟ್ ಮಾಡುತ್ತಲೇ ಇರುತ್ತದೆ.

ಹುಟ್ಟಿಸುವುದು ಸುಲಭ. ಸಿ ಭಾಷೆಯಲ್ಲಿ ಫೋರ್ಕ್ ಕರೆಯಿರಿ. ಅದು ಸೊನ್ನೆ ಹಿಂದಿರುಗಿಸಿದರೆ ನೀವು ಮರಿಯೊಳಗಿದ್ದೀರಿ, ತಕ್ಷಣ ಎಕ್ಸಿಟ್ ಆಗಿ. ಹೆತ್ತದ್ದು ವೇಟ್ ಕರೆಯದೆ 60 ಸೆಕೆಂಡು ‘ಸ್ಲೀಪ್’ ಮಾಡಲಿ. ಪ್ರೋಗ್ರಾಂ ಅನ್ನು ಹಿನ್ನೆಲೆಯಲ್ಲಿ ಓಡಿಸಿ, ‘ಪಿಎಸ್’ ಆಜ್ಞೆಯನ್ನು ‘ಎಲ್’ ಆಯ್ಕೆಯೊಂದಿಗೆ ಕೊಡಿ. ಸ್ಥಿತಿಯ ಕಾಲಮ್ಮಿನಲ್ಲಿ ‘ಝಡ್’ ಅಕ್ಷರ ಕಾಣುತ್ತದೆ. ಲ್ಯಾಪ್‌ಟಾಪ್ ಇಲ್ಲವೆಂದು ಕೈಚೆಲ್ಲಬೇಡಿ. ಆಂಡ್ರಾಯ್ಡ್ ಕೂಡ ಲಿನಕ್ಸ್ ಕರ್ನಲ್ ಮೇಲೆಯೇ ನಿಂತಿದೆ. ಫೋನಿನಲ್ಲಿ ‘ಟರ್ಮಕ್ಸ್’ ಹಾಕಿಕೊಂಡು ‘ಕ್ಲ್ಯಾಂಗ್’ ಕಂಪೈಲರ್ ಇಳಿಸಿಕೊಂಡರೆ ಪಾವಗಡದ ಹಳ್ಳಿಯಲ್ಲಿ ಕೂತೇ ಇದನ್ನು ಮಾಡಬಹುದು.

ಈಗ ಆ ಮರಿಗೆ ‘ಕಿಲ್’ ಕಳಿಸಿ, 9ನೇ ಸಿಗ್ನಲ್ಲನ್ನೇ ಕಳಿಸಿ. ಏನೂ ಆಗುವುದಿಲ್ಲ, ಸತ್ತದ್ದನ್ನು ಮತ್ತೆ ಕೊಲ್ಲುವುದೆಂತು? ಹೆತ್ತ ಪ್ರೊಸೆಸ್ ಮುಗಿದಾಗ ಮಾತ್ರ, ಸಾಮಾನ್ಯವಾಗಿ 1ನೇ ಸಂಖ್ಯೆಯ ‘ಇನಿಟ್’ ಆ ಅನಾಥ ಮರಿಯನ್ನು ದತ್ತು ತೆಗೆದುಕೊಂಡು, ವೇಟ್ ಮಾಡಿ, ಸಾಲು ಅಳಿಸುತ್ತದೆ. ಎರಡು ಸಲ ಫೋರ್ಕ್ ಮಾಡುವ ಉಪಾಯವೂ ಇದನ್ನೇ ನೆಚ್ಚಿಕೊಂಡಿದೆ: ನಡುವಿನದು ಬೇಗ ಮುಗಿಯುತ್ತದೆ, ಮೊಮ್ಮರಿ ಇನಿಟ್‌ನ ಪಾಲಾಗುತ್ತದೆ.

ಒಂದೆರಡು ಜೋಂಬಿಗಳಿಂದ ತೊಂದರೆಯಿಲ್ಲ. ತಿಂಗಳುಗಟ್ಟಲೆ ಓಡುವ ಸರ್ವರ್ ಪ್ರೋಗ್ರಾಂ ವೇಟ್ ಮರೆತರೆ ಪಿಐಡಿಗಳು ಮುಗಿಯುತ್ತವೆ. ಲಿನಕ್ಸ್‌ನಲ್ಲಿ ಬಹುಕಾಲ ಇದ್ದ ರೂಢಿಯ ಮಿತಿ 32768. ಆಮೇಲೆ ಹೊಸ ಪ್ರೊಸೆಸ್ ಹುಟ್ಟುವುದೇ ಇಲ್ಲ. ತಪ್ಪು ಹೆತ್ತದ್ದರ ಕೋಡಿನಲ್ಲಿರುತ್ತದೆ, ಅಲ್ಲೇ ಹುಡುಕಿ.

ನಿಮ್ಮ ಪ್ರೋಗ್ರಾಂನಲ್ಲಿ ಸ್ಲೀಪ್‌ಗೆ ಮೊದಲು ವೇಟ್‌ನ ಒಂದು ಸಾಲು ಸೇರಿಸಿ, ಇನ್ನೊಮ್ಮೆ ಓಡಿಸಿ, ಪಿಎಸ್ ಕೊಟ್ಟು ಝಡ್ ಇದೆಯೇ ನೋಡಿ.