ಉಸುಕಿನ ನಾಡಿನ ಬಂಗಾರದ ಕೋಟೆ

ದಸರಾ ರಜೆಯಲ್ಲಿ ನಾನು ರಾಜಸ್ಥಾನದ ಜೈಸಲ್ಮೇರ್ ನೋಡಿ ಬಂದೆ. ಬೆಳಗಾವಿಯಲ್ಲಿ ಜೋಧಪುರದ ರೈಲು ಹತ್ತಿದೆ. ಅಲ್ಲಿಂದ ಇನ್ನೊಂದು ರೈಲು. ತಿರುಗಿ ಬಂದ ಮೇಲೆ ಬನಹಟ್ಟಿಯ ನಮ್ಮ ಕಲಿಕಾ ಕೇಂದ್ರದಲ್ಲಿ ಎಲ್ಲರೂ ಸುತ್ತ ಕುಳಿತರು.

"ಅಲ್ಲಿ ಏನೇನ್ ನೋಡಿದ್ರಿ ಅಕ್ಕೋರ?" ಎಂದು ಕೇಳಿದರು.

ನಾನು ಹೇಳಿದೆ:

ಜೈಸಲ್ಮೇರ್ ಥಾರ್ ಮರುಭೂಮಿಯ ಊರು. ದಸರೆಯಲ್ಲೂ ಅಲ್ಲಿ ನಮ್ಮ ಬೇಸಿಗೆಯಂಥ ಬಿಸಿಲು. ಗಾಳಿ ಬೀಸಿದರೆ ಕಣ್ಣು, ಬಾಯಿ ಎಲ್ಲ ಉಸುಕು. ಊರಲ್ಲಿ ಗುಡ್ಡದ ಮೇಲೆ ದೊಡ್ಡ ಕೋಟೆ ಇದೆ. ಜೈಸಲ್ ಎಂಬ ಅರಸ 1156ರಲ್ಲಿ ಕಟ್ಟಿಸಿದ ಕೋಟೆ ಅದು. ಹಳದಿ ಕಲ್ಲು ಸಂಜೆ ಬಿಸಿಲಿಗೆ ಬಂಗಾರದಂತೆ ಹೊಳೆಯುತ್ತದೆ. 2013ರಲ್ಲಿ ಯುನೆಸ್ಕೊ ಇದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಕೋಟೆಯೊಳಗೆ ಇಂದಿಗೂ ಜನ ಸಂಸಾರ ಮಾಡಿಕೊಂಡಿದ್ದಾರೆ. ದೇಶ ವಿದೇಶದ ಜನ ನೋಡಲು ಬರುತ್ತಾರೆ. ಉಸುಕಿನ ದಿಬ್ಬದ ಮೇಲೆ ಒಂಟೆ ಸವಾರಿ ಮಾಡುತ್ತಾರೆ.

"ಅಷ್ಟು ಮಂದಿ ಬರ್ತಾರಲ್ರಿ, ನೀರಿಗೆ ಏನ್ ಮಾಡ್ತಾರ?" ಮಗ್ಗದ ಕೆಲಸದ ಅಕ್ಕ ಒಬ್ಬರು ಕೇಳಿದರು.

ಒಳ್ಳೆಯ ಪ್ರಶ್ನೆ. ಅಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 200 ಮಿಲಿಮೀಟರ್. ನಮ್ಮ ಮಳೆಯ ಅರ್ಧಕ್ಕಿಂತ ಕಡಿಮೆ. ಆದರೆ ಹಿರಿಯರು ಹನಿ ನೀರನ್ನೂ ಬಿಡಲಿಲ್ಲ. ಗಡೀಸರ್ ಎಂಬ ಕೆರೆ ಕಟ್ಟಿದರು. ಬಹಳ ಕಾಲ ಊರಿಗೆಲ್ಲ ಅದೇ ಆಧಾರ. ಹೆಣ್ಣುಮಕ್ಕಳು ಅಲ್ಲಿಂದ ಕೊಡ ಹೊತ್ತು ತರುತ್ತಿದ್ದರು. ಹೊಲದ ತಗ್ಗಿನಲ್ಲಿ ಒಡ್ಡು ಹಾಕಿ ಮಳೆನೀರು ನಿಲ್ಲಿಸಿದರು. ನೀರು ಇಂಗಿದ ಮೇಲೆ ಅದೇ ಹಸಿಯಲ್ಲಿ ಗೋದಿ, ಕಡಲೆ ಬಿತ್ತಿದರು. ಇದಕ್ಕೆ 'ಖಡೀನ್' ಎನ್ನುತ್ತಾರೆ.

ಮುಂದೆ ಇಂದಿರಾ ಗಾಂಧಿ ಕಾಲುವೆಯ ನೀರು ಬಂತು. ಕೋಟೆಗೂ ನಳ ಬಂದವು. ಹೋಟೆಲು ಹೆಚ್ಚಿದವು. ಹಳೆಯ ಗಟಾರಗಳು ಅಷ್ಟು ನೀರನ್ನು ತಾಳಲಿಲ್ಲ. ನೀರು ಕೋಟೆಯ ಬುಡಕ್ಕೆ ಇಳಿಯಿತು. ಮಣ್ಣು ಮೆತ್ತಗಾಯಿತು. ಕೆಲವು ಗೋಡೆ, ಕೊತ್ತಲ ಕುಸಿದವು. ಎಂಟು ನೂರು ವರ್ಷ ಬಿಸಿಲಿಗೆ ಜಗ್ಗದ ಕೋಟೆ ನೀರಿಗೆ ಜಗ್ಗಿತು!

ಹಿಂದೆ ಕುಳಿತಿದ್ದ ಕಾಕಾ ಒಬ್ಬರು ಮೆಲ್ಲಗೆ ಅಂದರು: "ನನ್ನ ಹೊಲಾನೂ ಹಂಗ ಆತ್ರಿ ಅಕ್ಕೋರ. ಕಬ್ಬಿಗೆ ನೀರು ಹಾಯಿಸಿದ್ದ ಹಾಯಿಸಿದ್ದು. ಈಗ ಎರಡು ಎಕರೆ ಸವಳು. ಏನೂ ಬೆಳೀವಲ್ದು."

ಎಲ್ಲರೂ ಸುಮ್ಮನಾದರು.

ನೀರಿನ ಬೆಲೆ ನಮಗೆ ಗೊತ್ತಿಲ್ಲದ್ದೇನಲ್ಲ. ಬೇಸಿಗೆಯಲ್ಲಿ ಕೃಷ್ಣೆ ಬತ್ತುತ್ತಿದ್ದಳು. 1989ರಲ್ಲಿ ಜಮಖಂಡಿ ತಾಲ್ಲೂಕಿನ ಚಿಕ್ಕಪಡಸಲಗಿಯಲ್ಲಿ ರೈತರೇ ಹಣ ಕೂಡಿಸಿ, ಮೈ ಮುರಿದು ದುಡಿದು ಬ್ಯಾರೇಜ್ ಕಟ್ಟಿದರು. ನೀರು ತರುವುದನ್ನು ನಾವು ಕಲಿತೆವು. ಅಳತೆಯಿಂದ ಬಳಸುವುದನ್ನು ಇನ್ನೂ ಕಲಿಯಬೇಕು. ನೀರು ಅತಿಯಾದರೆ ನೆಲದೊಳಗಿನ ಉಪ್ಪು ಮೇಲೆ ಬರುತ್ತದೆ. ಬಿಸಿಲಿಗೆ ನೀರು ಆರುತ್ತದೆ, ಉಪ್ಪು ಉಳಿಯುತ್ತದೆ. ಅದೇ ಸವಳು. ಹೆಚ್ಚಿನ ನೀರು ಹೋಗಲು ಬಸಿಗಾಲುವೆ ಬೇಕು. ಕಬ್ಬಿಗೆ ಹನಿ ನೀರಾವರಿ ಒಳ್ಳೆಯದು.

ಮರುದಿನ ಕಾಕಾ ಮಣ್ಣು ಪರೀಕ್ಷೆಗೆ ಅರ್ಜಿ ಬರೆದು ತಂದರು. ಅಕ್ಷರ ಸೊಟ್ಟಗಿದ್ದವು. ಆದರೆ ಕೆಳಗೆ ಹೆಬ್ಬೆಟ್ಟು ಇರಲಿಲ್ಲ. ಅವರದೇ ಸಹಿ ಇತ್ತು.

ಓದಿರಿ, ಬರೆಯಿರಿ: ಮರುಭೂಮಿ, ಕೊತ್ತಲ, ಒಡ್ಡು, ಸವಳು, ಬಸಿಗಾಲುವೆ

ಚರ್ಚಿಸಿರಿ:
1. ಜೈಸಲ್ಮೇರ್ ಕೋಟೆಯ ಗೋಡೆ ಏಕೆ ಕುಸಿದವು?
2. ನಿಮ್ಮ ಊರಲ್ಲಿ ಸವಳು ಹೊಲ ಎಷ್ಟಿವೆ? ಹಿರಿಯರನ್ನು ಕೇಳಿ ಬರೆಯಿರಿ.
3. ನಿಮ್ಮ ಮನೆಗೆ ದಿನಕ್ಕೆ ಎಷ್ಟು ಕೊಡ ನೀರು ಬೇಕು? ಲೆಕ್ಕ ಹಾಕಿರಿ.